ಏಳನೇ ಲಾಟು

ಮೂರನೆಯ ಚಿಟ್ಟೆಯಲ್ಲೂ ಅವು ಇದ್ದವು.

ಹಜೀರಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು. ಮಲ್ಲಿನ ಬಟ್ಟೆಯಿಂದ ಗಾಜು ಒರೆಸಿದಳು, ಕೆಳಗಿನ ಕನ್ನಡಿಯನ್ನು ಕಿಟಕಿಯ ಕಡೆಗೆ ಇನ್ನಷ್ಟು ತಿರುಗಿಸಿದಳು, ಮತ್ತೆ ಬಗ್ಗಿದಳು. ಬೆಳಕು ಚೆನ್ನಾಗಿತ್ತು. ಅನುಮಾನಕ್ಕೆ ಜಾಗವೇ ಇಲ್ಲದಷ್ಟು ಚೆನ್ನಾಗಿತ್ತು. ಅಕ್ಕಿಕಾಳಿನ ಆಕಾರದ, ಹಸಿರು ಹೊಳಪಿನ ಸಣ್ಣ ಸಣ್ಣ ಕಣಗಳು, ಒಂದೆರಡಲ್ಲ, ಕಣ್ತುಂಬ. ಅವಳ ಕೈಬೆರಳುಗಳು ತಣ್ಣಗಾದವು.

ಗಂಟುರೋಗ. ರೇಷ್ಮೆಹುಳುವಿಗೆ ಬರುವ ಮಿಕ್ಕ ಕಾಯಿಲೆಗಳು ಒಂದು ಬೆಳೆ ಹಾಳುಮಾಡಿ ಹೋಗುತ್ತವೆ. ಇದು ಹಾಗಲ್ಲ. ತಾಯಿಚಿಟ್ಟೆಯ ಹೊಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಮರಿಯ ಹಿಕ್ಕೆಯಿಂದ ಸೊಪ್ಪಿಗೆ, ಸೊಪ್ಪಿನಿಂದ ಮನೆಯಲ್ಲಿರುವ ಅಷ್ಟೂ ಹುಳುಗಳಿಗೆ. ತಟ್ಟೆಗೆ, ಗೋಡೆಗೆ, ನೆಲದ ಮಣ್ಣಿಗೆ ಒಮ್ಮೆ ಹತ್ತಿಕೊಂಡರೆ ಆ ಮನೆಯಲ್ಲಿ ಬೆಳೆಯ ಮೇಲೆ ಬೆಳೆ ನೆಲಕಚ್ಚುತ್ತಲೇ ಹೋಗುತ್ತದೆ. ತಡೆಯುವ ದಾರಿ ಒಂದೇ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ಆ ನೋಡುವ ಕೆಲಸಕ್ಕೇ ಸಂಘದವರು ಹಜೀರಾಳನ್ನು ಇಟ್ಟುಕೊಂಡಿದ್ದರು.

ಗಡಿನಾಡು ರೇಷ್ಮೆ ಬಿತ್ತನೆ ಸಂಘ ಮುಳಬಾಗಿಲಿನ ಒಂದು ಅಕ್ಕಿ ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿತ್ತು. ಅದು ಎಂಬತ್ನಾಲ್ಕರ ಆಷಾಢ. ಕಾರ್ಯದರ್ಶಿ ಕೋದಂಡರಾಮಪ್ಪ ಹುತ್ತೂರಿನ ಕಡೆಯವರು, ತಲೆಮಾರುಗಳಿಂದ ಹಿಪ್ಪುನೇರಳೆ ಬೆಳೆದ ಮನೆತನ. ಸಂಘದ ಯೋಚನೆ ಅವರದೇ. ಈ ಕಡೆಯ ಹಳದಿ ಗೂಡಿನ ನಾಟಿ ಹುಳು ಗಟ್ಟಿ, ಆದರೆ ನೂಲು ಕಡಿಮೆ. ಗಡಿಯಾಚೆ, ಆಂಧ್ರದ ಗುಡ್ಡದ ಊರುಗಳ ತಂಪಿಗೆ ಬಿಳಿ ಗೂಡಿನ ಹುಳು ಒಗ್ಗುತ್ತದೆ. ನೂಲು ಜಾಸ್ತಿ, ಆದರೆ ಬಲು ನಾಜೂಕು. ಈ ಕಡೆಯ ಹೆಣ್ಣುಚಿಟ್ಟೆಗೆ ಆ ಕಡೆಯ ಗಂಡನ್ನು ಕೂಡಿಸಿ, ಹುಟ್ಟಿದ ಹೊಸ ತಳಿಯ ಮೊಟ್ಟೆಗಳನ್ನು ಎರಡೂ ಕಡೆಯ ರೈತರಿಗೆ ಹಂಚಬೇಕು. ಇಷ್ಟಕ್ಕೆ ಅವರು ನಾಲ್ಕು ವರ್ಷ ಎರಡು ರಾಜ್ಯಗಳ ಕಚೇರಿಗಳಿಗೆ ಅಲೆದಿದ್ದರು. ಇಲ್ಲಿ ಹೂಂ ಅಂದರೆ ಅಲ್ಲಿ ಊಹೂಂ, ಅಲ್ಲಿ ಸಹಿಯಾದರೆ ಇಲ್ಲಿ ಸಾಹೇಬರು ಬದಲಾಗಿರುತ್ತಿದ್ದರು.

ಕೊನೆಗೂ ಮೊದಲ ಮೊಟ್ಟೆಹಾಳೆಗಳು, ಇಪ್ಪತ್ತಿಪ್ಪತ್ತು ಚಿಟ್ಟೆಗಳು ಮೊಟ್ಟೆಯಿಟ್ಟ ಕಾಗದಗಳು, ಗಡಿ ದಾಟುವ ದಿನ ಬಂತು. ಎರಡೂ ಕಡೆಯ ಅಧಿಕಾರಿಗಳು ಜೀಪಿನಲ್ಲಿ ಬಂದರು, ಗಿರಣಿಯ ಮುಂದೆ ಶಾಮಿಯಾನ ಹಾಕಿದ್ದರು, ಫೋಟೋದವನು ಬಂದಿದ್ದ. ಒಳಗೆ ಹಜೀರಾ ಏಳನೇ ಲಾಟಿನ ತಾಯಿಚಿಟ್ಟೆಗಳನ್ನು ನೋಡುತ್ತಿದ್ದಳು. ಒಟ್ಟು ಇನ್ನೂರ ನಲವತ್ತು. ಒಂದು ಬಿತ್ತನೆ ಮನೆಯಿಂದ ಬಂದ ಮೊದಲ ನೂರು ಮುಗಿದಿದ್ದವು, ಎಲ್ಲ ಶುದ್ಧ. ಇನ್ನೊಂದು ಮನೆಯ ನೂರ ನಲವತ್ತು ಉಳಿದಿದ್ದವು. ಅಷ್ಟರಲ್ಲಿ ಮೋಡ ಕವಿದು ಕನ್ನಡಿ ಕುರುಡಾಯಿತು. ಕರೆಂಟೂ ಇರಲಿಲ್ಲ. ಕೋದಂಡರಾಮಪ್ಪ ಮೂರು ಸಲ ಬಾಗಿಲಿಗೆ ಬಂದು ಹೋದರು. ನಾಲ್ಕನೆಯ ಸಲ ಬೆವರುತ್ತ ಕೇಳಿದರು: "ಏಳನೇದು ಆಯ್ತೇನಮ್ಮಾ? ಸಾಹೇಬ್ರು ಎದ್ದು ನಿಂತವ್ರೆ."

"ಆಯ್ತು ಸಾರ್," ಎಂದುಬಿಟ್ಟಳು. ರಿಜಿಸ್ಟರಿನಲ್ಲಿ ಉಳಿದ ನಂಬರುಗಳ ಮುಂದೆ ಮೇಲಿಂದ ಕೆಳಗೆ ಒಂದೇ ಉಸಿರಿಗೆ 'ರೋಗವಿಲ್ಲ' ಎಂದು ಬರೆದಳು.

ಏಳನೇ ಲಾಟಿನ ಹನ್ನೆರಡು ಹಾಳೆಗಳು ಪೂರ್ತಿ ಹೋದದ್ದು ಗಡಿಯಾಚೆಯ ಯರ್ರಗುಟ್ಟಪಲ್ಲಿಗೆ. ತೆಗೆದುಕೊಂಡು ಹೋಗಲು ಬಂದವಳು ಮುತ್ಯಾಲಮ್ಮ, ಆ ಊರಿನ ಹನ್ನೊಂದು ಮನೆಗಳ ಪರವಾಗಿ. ಐವತ್ತರ ಆಸುಪಾಸಿನ, ಎತ್ತರದ ಹೆಂಗಸು. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಹಾಳೆಗಳನ್ನು ಮಲಗಿಸುತ್ತ ಹಜೀರಾಳನ್ನು ನೋಡಿ ನಕ್ಕಿದ್ದಳು. "ನುವ್ವು ಚೂಸಿನಾವು ಕದಮ್ಮಾ, ಅದಿ ಚಾಲು," ಅಂದಿದ್ದಳು. ನೀನು ನೋಡಿದ್ದೀಯಲ್ಲ, ಅಷ್ಟು ಸಾಕು.

ಅಂದಿನಿಂದ ಎಂಟು ದಿನ ಹಜೀರಾ ಪ್ರತಿ ಬೆಳಿಗ್ಗೆ ನೋಡದೆ ಉಳಿದ, ಈಗ ಒಣಗಿದ ಚಿಟ್ಟೆಗಳ ತಗಡಿನ ಡಬ್ಬಿಯನ್ನು ಗೋಡೆಯ ಗೂಡಿನಿಂದ ಇಳಿಸುತ್ತಿದ್ದಳು, ಮುಚ್ಚಳ ತೆಗೆಯದೆ ಮತ್ತೆ ಅಲ್ಲೇ ಇಡುತ್ತಿದ್ದಳು. ನೋಡದಿದ್ದರೆ ಏನೂ ಇಲ್ಲ ಎಂದೇ ಇರುತ್ತದೆ. ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. "ಕ್ಯಾ ಹುವಾ ಗೆ?", ಏನಾಯ್ತೇ, ಎಂದು ಅಪ್ಪ ಜಾನ್ ಪಾಷಾ ಎರಡು ದಿನ ಕೇಳಿ ಸುಮ್ಮನಾದ. ಮೂವತ್ತು ವರ್ಷ ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆದು ಅವನ ಬೆರಳುಗಳ ಚರ್ಮ ಬೆಂದುಹೋಗಿತ್ತು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ತಿಂಗಳು ತರಬೇತಿ ಪಡೆದು, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಸೇರಿದ್ದನ್ನು ಅವನು ಚಹದಂಗಡಿಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದ.

ಒಂಬತ್ತನೆಯ ದಿನ, ನಾಳೆ ಮೊಟ್ಟೆಯೊಡೆದು ಮರಿ ಬರುತ್ತದೆ ಎನ್ನುವಾಗ, ಮುಚ್ಚಳ ತೆಗೆದಳು.

ಕೋದಂಡರಾಮಪ್ಪ ಬರುವ ಹೊತ್ತಿಗೆ ಅವಳು ಇನ್ನೂ ಐದು ನೋಡಿದ್ದಳು. ಒಟ್ಟು ಎಂಟರಲ್ಲಿ ಆರರಲ್ಲಿ ರೋಗ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೇನೇ ಮುಖ ಯಾಕಂಗೈತೆ?"

ಅವಳು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಳು. ಅವರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಯಾವ್ದಿದು?"

"ಏಳನೇ ಲಾಟು ಸಾರ್."

"ಏಳನೇದಾ? ಅವತ್ತೇ ನೋಡಿದ್ಯಲ್ಲಮ್ಮಾ. ರೋಗವಿಲ್ಲ ಅಂತ ಬರ್ದಿದ್ದೀಯಲ್ಲ."

ಹಜೀರಾ ರಿಜಿಸ್ಟರು ಬಿಚ್ಚಿ ಅವರ ಮುಂದಿಟ್ಟಳು. "ಕೊನೇ ನೂರಾ ನಲವತ್ತು ನೋಡಿರ್ಲಿಲ್ಲ ಸಾರ್. ಬೆಳಕಿರ್ಲಿಲ್ಲ. ನೋಡ್ದೇನೇ ಬರ್ದೆ."

ಕೋದಂಡರಾಮಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. "ಯಾರಿಗಾನ ಹೇಳಿದ್ಯಾ?" ದನಿ ಇಳಿದಿತ್ತು.

"ಇಲ್ಲ."

"ನಾಳೆ ಮರಿ ಬಿಡ್ತವೆ. ಸೊರಗೋಕೆ ಇನ್ನೂ ಹತ್ತು ಹದಿನೈದು ದಿವ್ಸ ಆಗ್ತದೆ. ಆ ಊರಿನೋರು ಹೊಸಬ್ರು, ಇದೇ ಮೊದಲ್ನೇ ಬೆಳೆ. ಸೊಪ್ಪು ಎಳಸಾಯ್ತು, ಗಾಳಿ ಸರಿಯಿಲ್ಲ ಅಂತ..." ಅಲ್ಲಿಗೇ ನಿಂತರು. ತಾವು ಆಡಿದ ಮಾತು ತಮಗೇ ಕೇಳಿಸಿದಂತೆ ಅಂಗೈಯಿಂದ ಬಾಯಿ ಒರೆಸಿಕೊಂಡರು. "ಆ ಮಾತು ನಾನು ಆಡ್ಲಿಲ್ಲ ಅಂದ್ಕೊ. ಇದು ಹೊರಗೆ ಬಿದ್ರೆ ಆ ಕಡೆ ಕಚೇರಿಯೋರು ನಾಳೆನೇ ಕೂಟ ಮುರೀತಾರೆ. ಈ ಕಡೆಯೋರಿಗೂ ಅದೇ ಬೇಕಾಗೈತೆ. ನಾನು ಕೋಲಾರಕ್ಕೆ ಹೋಗಿ ದೊಡ್ಡ ಸಾಹೇಬ್ರನ್ನ ಕೇಳ್ಕೊಂಡು ಬರ್ತೀನಿ. ಅಲ್ಲಿಗಂಟ ನೀನು ಬಾಯಿ ಬಿಡ್ಬೇಡ."

ಅವರು ಚೀಲ ಎತ್ತಿಕೊಂಡು ಹೋದರು. ಹಜೀರಾ ಲೆಕ್ಕ ಹಾಕಿದಳು. ಕೋಲಾರದಿಂದ ಅವರು ವಾಪಸು ಬರುವುದು ಸಂಜೆ. ಮೊಟ್ಟೆಹಾಳೆಗಳನ್ನು ಕರಿಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ನಾಳೆ ಬೆಳಿಗ್ಗೆ ಬಟ್ಟೆ ಬಿಚ್ಚಿ ಬೆಳಕು ತೋರಿಸಿದೊಡನೆ ಮರಿಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಹೊರಗೆ ಬಂದು ಮೊದಲ ಎಲೆ ಮುಟ್ಟಿದರೆ ಮುಗಿಯಿತು. ಇವತ್ತೇ ಸುಟ್ಟರೆ ಹೋಗುವುದು ಮೊಟ್ಟೆ ಮಾತ್ರ. ನಾಳೆಯಾದರೆ ಮನೆಗಳೂ ಹೋಗುತ್ತವೆ.

ಅವಳಿಗೆ ಹುಟ್ಟಿನಿಂದಲೇ ಪುಕ್ಕಲು ಸ್ವಭಾವ. ಒಬ್ಬಳೇ ಕೋಲಾರದ ಬಸ್ಸು ಹತ್ತಿದವಳಲ್ಲ. ಹತ್ತೂವರೆಯ ಪಲಮನೇರು ಬಸ್ಸಿಗೆ ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆ, ಕಲ್ಲಿನ ಪುಟ್ಟ ಕುಟ್ಟಾಣಿ, ದ್ರಾವಣದ ಸೀಸೆ, ಚಿಟ್ಟೆಗಳ ಡಬ್ಬಿ ಹೊತ್ತುಕೊಂಡು ಹೇಗೆ ಹತ್ತಿದಳೋ ಆಮೇಲೆ ನೆನಪಾಗಲಿಲ್ಲ. ನೆನಪಿದ್ದದ್ದು ಪಕ್ಕದ ಹೆಂಗಸು "ಚಳೀನಾ ತಾಯಿ?" ಎಂದು ಕೇಳಿದ್ದು.

ನಂಗಲಿ ದಾಟಿದ ಮೇಲೆ ಗಡಿಯ ತನಿಖಾ ಠಾಣೆಯಲ್ಲಿ ಬಸ್ಸು ನಿಂತಿತು. ಗೂಡು, ಮೊಟ್ಟೆ, ನೂಲು ಏನೇ ಆಗಲಿ ಪರವಾನಗಿಯಿಲ್ಲದೆ ದಾಟುವಂತಿರಲಿಲ್ಲ. ಸತ್ತ ಚಿಟ್ಟೆಗೂ ಪರವಾನಗಿ ಬೇಕೋ ಬೇಡವೋ ಅವಳಿಗೆ ಗೊತ್ತಿರಲಿಲ್ಲ. ಖಾಕಿಯವನೊಬ್ಬ ಒಳಗೆ ಬಂದು ಸೀದಾ ಅವಳ ಮುಂದೆ ನಿಂತ.

"ಪೆಟ್ಟಿಗೇನಾಗೆ ಏನಮ್ಮಾ?"

"ಸೂಕ್ಷ್ಮದರ್ಶಕ. ಸಣ್ಣದನ್ನ ದೊಡ್ಡದಾಗಿ ತೋರ್ಸೋದು."

"ಇದ್ರಾಗೆ?"

ಅವಳು ಉತ್ತರಿಸುವ ಮೊದಲೇ ಅವನು ಡಬ್ಬಿಯ ಮುಚ್ಚಳ ಎಬ್ಬಿದ. ನೂರಕ್ಕೂ ಹೆಚ್ಚು ಒಣ ಚಿಟ್ಟೆಗಳ ಮುಗ್ಗಲು ನಾತ ಮೂಗಿಗೆ ಬಡಿದು ಮುಖ ತಿರುಗಿಸಿದ. "ಥೂ, ಮುಚ್ಚು ಮುಚ್ಚು!" ಬಸ್ಸಿನಲ್ಲಿ ಯಾರೋ ನಕ್ಕರು. ಹಜೀರಾ ಮುಚ್ಚಳ ಒತ್ತಿ ಹಿಡಿದ ಕೈಯನ್ನು ಇಳಿಯುವವರೆಗೂ ತೆಗೆಯಲಿಲ್ಲ.

ಹೆದ್ದಾರಿಯಲ್ಲಿ ಇಳಿದು ಮೂರು ಕಿಲೋಮೀಟರ್ ನಡೆಯಬೇಕಿತ್ತು. ದಾರಿಯ ಎರಡೂ ಬದಿ ಹೊಸದಾಗಿ ನೆಟ್ಟ ಹಿಪ್ಪುನೇರಳೆ. ಹೋದ ವರ್ಷದವರೆಗೆ ಇವೆಲ್ಲ ಕಡಲೆಕಾಯಿ ಹೊಲಗಳು. ಸಂಘದ ಮಾತು ಕೇಳಿ ಕಿತ್ತು ಇದನ್ನು ಹಾಕಿದ್ದರು. ಆಷಾಢದ ಗಾಳಿಗೆ ಎಲೆಗಳು ಮಗುಚಿ ಬಿಳಿಯ ಬೆನ್ನು ತೋರಿಸುತ್ತಿದ್ದವು. ಹಜೀರಾ ತಲೆ ತಗ್ಗಿಸಿ ನಡೆದಳು. ವಾಪಸು ಹೋಗಿಬಿಡೋಣ ಎಂದು ಎರಡು ಸಲ ನಿಂತಳು. ಎರಡನೆಯ ಸಲ ನಿಂತಾಗ ಎದುರಿಗೆ ಬರುತ್ತಿದ್ದ ಮುದುಕ, ಅವಳ ಕೈಯ ಪೆಟ್ಟಿಗೆ ನೋಡಿ, ಕೇಳದೆಯೇ ಅದನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಊರ ಕಡೆಗೆ ತಿರುಗಿ ನಡೆಯತೊಡಗಿದ. ಅವಳು ಹಿಂದೆ ಹೋಗಲೇಬೇಕಾಯಿತು.

ಯರ್ರಗುಟ್ಟಪಲ್ಲಿಯ ಮಧ್ಯದಲ್ಲಿ ಎಳೆಯ ಹುಳು ಸಾಕಲು ಹನ್ನೊಂದು ಮನೆಗಳವರು ಸೇರಿ ಕಟ್ಟಿದ ಮರಿಮನೆ. ಗೋಡೆಗೆ ಸುಣ್ಣ ಬಳಿದು ಎರಡು ದಿನವಾಗಿತ್ತು. ಜಗುಲಿಯ ಮೇಲೆ ತೊಳೆದ ಬಿದಿರಿನ ತಟ್ಟೆಗಳು ಒಣಗುತ್ತಿದ್ದವು. ಮುತ್ಯಾಲಮ್ಮ ಸೊಪ್ಪು ಕತ್ತರಿಸುವ ಮಣೆಯನ್ನು ಉಜ್ಜುತ್ತಿದ್ದವಳು ಎದ್ದು ಬಂದಳು.

"ಅಯ್ಯೋ, ರೇಪು ಕದಮ್ಮಾ ಮರಿ ವಿಡಿಚೇದಿ! ಈರೋಜೇ ವಚ್ಚಿನಾವೇ!" ನಾಳೆಯ ಸಂಭ್ರಮಕ್ಕೆ ಇವತ್ತೇ ಬಂದಳೆಂದು ಅವಳಿಗೆ ಹಿಗ್ಗು. ಮಜ್ಜಿಗೆ ತರಿಸಿದಳು. ಅಕ್ಕಪಕ್ಕದ ಮನೆಗಳ ಹೆಂಗಸರು ಸೇರಿದರು. ಒಬ್ಬಳು ಹಜೀರಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಕತ್ತಲ ಮೂಲೆಯಲ್ಲಿ ಕರಿಬಟ್ಟೆ ಸುತ್ತಿಟ್ಟಿದ್ದ ಹಾಳೆಗಳನ್ನು ತೊಟ್ಟಿಲಿನ ಮಗುವನ್ನು ತೋರಿಸುವಂತೆ ತೋರಿಸಿದಳು.

ಹಜೀರಾ ಮಜ್ಜಿಗೆಯ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ತನಗೆ ಬರುವಷ್ಟು ತೆಲುಗಿನಲ್ಲಿ, ಸಾಲದ್ದಕ್ಕೆ ಕನ್ನಡ ಸೇರಿಸಿ, ಹೇಳಿದಳು. ಏಳು ಹಾಳೆಗಳಲ್ಲಿ ಗಂಟುರೋಗವಿದೆ. ನಾಳೆ ಬಟ್ಟೆ ಬಿಚ್ಚಬಾರದು. "ಇವಾಳೇ ಕಾಲ್ಚೇಯಾಲಮ್ಮಾ." ಇವತ್ತೇ ಸುಟ್ಟುಬಿಡಬೇಕು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದೊಡನೆ ಹಿಂದಿನಿಂದ ಒಬ್ಬ ಗಂಡಸು ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದ. ಮುತ್ಯಾಲಮ್ಮನ ಮೈದುನ ಮುನಿಶಾಮಿ. ಮುಳಬಾಗಿಲಿನ ಸಂತೆಗೆ ವಾರವಾರ ಬರುವವನು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಇದೇನಮ್ಮಾ ನೀವು ಹೇಳೋದು? ಕಡಲೆಕಾಯಿ ಕಿತ್ತು ಸೊಪ್ಪು ಹಾಕಿದೀವಿ. ಒಳ್ಳೇದೆಲ್ಲ ನಿಮ್ಮ ಕಡೆ ಇಟ್ಕೊಂಡು ಕೆಟ್ಟ ಮಾಲು ನಮ್ಮ ಕಡೆ ತಳ್ಳಿದ್ರಾ?"

"ಇಲ್ಲಣ್ಣಾ..."

"ಏನಿಲ್ಲ? ಯಾವ ಹಾಳೆ ಯಾವ ಊರಿಗೆ ಹೋಗ್ಬೇಕು ಅಂತ ಬರೆಯೋರು ಯಾರು? ನೀವೇ ತಾನೆ? ಈಗ ಬಂದು ಸುಡಿ ಅಂದ್ರೆ?" ಅವನು ಮುದುಕನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡ. "ನಿಮ್ಮ ಸೆಕ್ರೆಟ್ರಿ ಬರ್ಲಿ. ಅಲ್ಲಿಗಂಟ ಈಯಮ್ಮ ಇಲ್ಲೇ ಇರ್ಲಿ."

ಎಲ್ಲರೂ ಹೊರಗೆ ಸರಿದರು. ಬಾಗಿಲ ಚಿಲಕ ಹೊರಗಿನಿಂದ ಬಿದ್ದ ಸದ್ದಾಯಿತು.

ಹಜೀರಾ ಗೋಡೆಗೆ ಒರಗಿ ನಿಂತಳು. ಸುಣ್ಣ ಬೆನ್ನಿಗೆ ಹತ್ತಿತು. ಕ್ರಿಮಿನಾಶಕದ ಖಾರಕ್ಕೆ ಕಣ್ಣು ಉರಿದು ನೀರು ಬರುತ್ತಿತ್ತು; ಅಳುತ್ತಿದ್ದೇನೆಯೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಹೊರಗೆ ಜನ ಸೇರುತ್ತಿದ್ದರು. ಗಂಡಸರ ದನಿಗಳು ಏರಿದವು. "ಮುಳಬಾಗಿಲು", ಸಾಬರ ಹುಡುಗಿ ಎಂದು "ಸಾಯಿಬುಲ ಪಿಲ್ಲ", "ಪೊಲೀಸು" ಎಂಬ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವು. ಯಾರೋ ಬಾಗಿಲಿಗೆ ಒದ್ದರು, ಅಥವಾ ಬಾಗಿಲಿಗೆ ಏನೋ ತಗುಲಿತು. ತಾನು ಇಲ್ಲಿರುವುದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು. ಅಮ್ಮ ಅಸ್ಗರಿ ಮಧ್ಯಾಹ್ನದ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಿರಬಹುದು. ಮೂಲೆಯಲ್ಲಿ ಕರಿಬಟ್ಟೆಯ ಗಂಟು ಅಲುಗದೆ ಕೂತಿತ್ತು. ಅದರೊಳಗೆ ಸಾವಿರಾರು ಮೊಟ್ಟೆಗಳು, ತಲೆ ಕಪ್ಪಾಗಿ, ಬೆಳಕಿಗಾಗಿ ಕಾಯುತ್ತಿದ್ದವು. ಅವಳಿಗೆ ಆ ಗಂಟಿನ ಹತ್ತಿರ ಹೋಗಲೂ ಭಯವಾಯಿತು.

ಎಷ್ಟೋ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಮುತ್ಯಾಲಮ್ಮ ಒಬ್ಬಳೇ ಒಳಗೆ ಬಂದಳು. ಹಿಗ್ಗೆಲ್ಲ ಇಳಿದ ಅವಳ ಮುಖ ಬೇರೆ ಯಾರದೋ ಮುಖದ ಹಾಗಿತ್ತು. ಹತ್ತಿರ ಬಂದು, ಹಜೀರಾಳ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದಳು.

"ನಿಜಂ ಚೆಪ್ಪು. ಆ ದಿನಂ ಚೂಸಿನಾವಾ, ಚೂಡಲೇದಾ?" ನಿಜ ಹೇಳು, ಅವತ್ತು ನೋಡಿದೆಯೋ ಇಲ್ಲವೋ?

ನೋಡಿದ್ದೆ, ಕಣ್ತಪ್ಪಿತು ಎನ್ನಬಹುದಿತ್ತು. ಯಂತ್ರ ಹಳೆಯದು ಎನ್ನಬಹುದಿತ್ತು. ಬಸ್ಸಿನಲ್ಲಿ ಕೂತಾಗಿನಿಂದ ಹಜೀರಾ ಆ ಎರಡು ಮಾತುಗಳನ್ನೂ ಜೋಡಿಸಿ ಇಟ್ಟುಕೊಂಡಿದ್ದಳು.

"ಚೂಡಲೇದಮ್ಮಾ," ಎಂದಳು. "ನೂರು ನೋಡ್ದೆ. ಉಳಿದಿದ್ದು ನೋಡ್ಲಿಲ್ಲ. ನೋಡ್ದೆ ಅಂತ ಸುಳ್ಳು ಬರ್ದೆ."

ಮುತ್ಯಾಲಮ್ಮ ಕೈ ತೆಗೆದಳು. ಹೊಡೆಯುತ್ತಾಳೆ ಎಂದುಕೊಂಡು ಹಜೀರಾ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ಆಕೆ ಬಾಗಿಲಲ್ಲಿ ನಿಂತು ಮೈದುನನಿಗೆ ಪೆಟ್ಟಿಗೆ ತರಲು ಹೇಳುತ್ತಿದ್ದಳು. "ಚೂಪಿಂಚು," ಅಂದಳು ಹಿಂತಿರುಗಿ. ತೋರಿಸು.

ಜಗುಲಿಯ ಮೇಲೆ ಬಿಸಿಲಿಗೆ ಎದುರಾಗಿ ಸೂಕ್ಷ್ಮದರ್ಶಕ ಇಟ್ಟಳು. ಮುತ್ಯಾಲಮ್ಮ ಕುಟ್ಟಾಣಿ ಕೇಳಿ ಇಸಿದುಕೊಂಡಳು. ಹಜೀರಾ ಹೇಳಿಕೊಟ್ಟ ಹಾಗೆ ಒಂದೊಂದು ಚಿಟ್ಟೆಯನ್ನೂ ತಾನೇ ಅರೆದು, ದ್ರಾವಣ ಬಿಟ್ಟು, ಹನಿಯನ್ನು ಗಾಜಿನ ಮೇಲಿಟ್ಟಳು. ಹಜೀರಾ ಬಗ್ಗಿ ನೋಡಿ ಹೇಳುತ್ತಿದ್ದಳು: "ಇದೆ." "ಇಲ್ಲ." "ಇದೆ." ಪ್ರತಿ ಸಲವೂ ಮುತ್ಯಾಲಮ್ಮ ಅವಳನ್ನು ಸರಿಸಿ ತಾನೂ ಬಗ್ಗುತ್ತಿದ್ದಳು. ಮೊದಲೆರಡು ಸಲ ಅವಳಿಗೆ ಕಂಡದ್ದು ಅವಳದೇ ರೆಪ್ಪೆಯ ಕೂದಲು. ಮೂರನೆಯ ಸಲ ಉಸಿರು ಹಿಡಿದಳು.

"ನೂಕಲು ಮಾದಿರಿ," ಎಂದಳು ಮೆಲ್ಲಗೆ. ನುಚ್ಚಿನ ಹಾಗೆ. "ಮೆರುಸ್ತಾ ಉನ್ನಾಯಿ." ಹೊಳೆಯುತ್ತಿವೆ.

ಮುನಿಶಾಮಿಯೂ ಬಗ್ಗಿದ. ಅವನ ನಂತರ ಇನ್ನೊಬ್ಬ, ಆಮೇಲೆ ಹೆಂಗಸರು. ಇಪ್ಪತ್ತು ಚಿಟ್ಟೆಗಳಲ್ಲಿ ಹದಿಮೂರರಲ್ಲಿ ರೋಗವಿತ್ತು. ಇಪ್ಪತ್ತೊಂದನೆಯದನ್ನು ಕೈಗೆತ್ತಿಕೊಂಡ ಮುತ್ಯಾಲಮ್ಮ ಅದನ್ನು ಡಬ್ಬಿಗೇ ಹಾಕಿದಳು. "ಇಂಕ ಚಾಲು." ಇನ್ನು ಸಾಕು.

ಒಳಗಿನ ಕತ್ತಲಲ್ಲಿ ನಂಬರು ನೋಡಿ, ಆ ನೂರ ನಲವತ್ತು ಚಿಟ್ಟೆಗಳ ಏಳು ಹಾಳೆಗಳನ್ನು ಹಜೀರಾಳೇ ಬೇರೆ ಮಾಡಿದಳು. ಐದು ಉಳಿದವು.

"ಇವಿ ಚೂಸಿನಾವಾ?" ಇವನ್ನು ನೋಡಿದ್ದೀಯಾ, ಎಂದಳು ಮುತ್ಯಾಲಮ್ಮ.

"ನೋಡಿದೀನಮ್ಮಾ. ಒಂದೊಂದೂ ನೋಡಿದೀನಿ."

"ಎಟ್ಲಾ ನಮ್ಮೇದಿ?" ಹೇಗೆ ನಂಬುವುದು?

ಆ ನೂರು ಚಿಟ್ಟೆಗಳನ್ನು ಅರೆದು ತೊಳೆದು ಒಂಬತ್ತು ದಿನವಾಗಿತ್ತು. ಹಜೀರಾ ಒಂದು ಸೂಜಿ ಕೇಳಿದಳು. ಐದು ಹಾಳೆಗಳ ಮೇಲೆ ಒಂದೊಂದು ಚಿಟ್ಟೆ ಇಟ್ಟ ಪ್ರತಿಯೊಂದು ಸುತ್ತಿನಿಂದಲೂ ಎರಡೆರಡು ಮೊಟ್ಟೆ ಎಬ್ಬಿ, ಹಾಳೆಗೊಂದು ಹನಿಯಂತೆ ಅರೆದು, ನೋಡಲು ಕುಳಿತಳು. ಈ ಸಲ ಅವಳು ಏನೂ ಹೇಳಲಿಲ್ಲ. ತಾನು ನೋಡಿ, ಎದ್ದು, ಜಾಗ ಬಿಟ್ಟಳು. ಮುತ್ಯಾಲಮ್ಮ ಕೂತು ಬಹಳ ಹೊತ್ತು ನೋಡಿದಳು. ಐದನೆಯದನ್ನು ನೋಡಿದ ಮೇಲೆ ತಲೆಯೆತ್ತಿ "ಏಮೀ ಲೇದು," ಎಂದಳು. ಏನೂ ಇಲ್ಲ. ಅದು ಪ್ರಶ್ನೆಯಾಗಿರಲಿಲ್ಲ.

ಏಳು ಹಾಳೆಗಳನ್ನು ಊರಾಚೆ ಗುಂಡಿಯಲ್ಲಿ ಹಾಕಿ ಸೀಮೆಎಣ್ಣೆ ಸುರಿದರು. ಕಡ್ಡಿ ಗೀರಿದವಳು ಮುತ್ಯಾಲಮ್ಮ. ಒಬ್ಬಳು ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಮೊಟ್ಟೆಗಳು ಎಳ್ಳು ಸಿಡಿದ ಹಾಗೆ ಚಟಚಟ ಎಂದವು. ಊರಿನ ಅರ್ಧಕ್ಕೂ ಹೆಚ್ಚು ಬೆಳೆ ಆ ಸದ್ದಿನಲ್ಲಿ ಮುಗಿಯಿತು. ಹಜೀರಾ ಬೂದಿಯಾಗುವವರೆಗೂ ಅಲ್ಲಿಂದ ಕದಲಲಿಲ್ಲ. ಕದಲಲು ಯಾರಾದರೂ ಹೇಳಬೇಕೇನೋ ಎಂಬಂತೆ ನಿಂತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಕೋದಂಡರಾಮಪ್ಪ ಬಂದರು. ಬಸ್ಸಿಳಿದು ಓಡಿಕೊಂಡೇ ಬಂದಿರಬೇಕು, ಧೋತರದ ಅಂಚು ಕೆಂಪು ಮಣ್ಣಾಗಿತ್ತು. ಬೂದಿ ನೋಡಿದರು, ಜನರನ್ನು ನೋಡಿದರು. ಮುನಿಶಾಮಿ ಎದುರಿಗೆ ಹೋಗಿ ನಿಂತ. ಈಗ ತನ್ನ ಹೆಸರು ಬರುತ್ತದೆ, ಎಲ್ಲ ಈ ಹುಡುಗಿಯದು ಎನ್ನುತ್ತಾರೆ ಎಂದುಕೊಂಡಳು ಹಜೀರಾ.

"ತಪ್ಪು ನಂದೂ ಐತಪ್ಪಾ," ಎಂದರು ಕೋದಂಡರಾಮಪ್ಪ. "ಬೇಗ ಬೇಗ ಅಂತ ಬಾಗಿಲಾಗೆ ನಿಂತಿದ್ದೋನು ನಾನು."

ಮುನಿಶಾಮಿ ಉಗುಳಿ ಪಕ್ಕಕ್ಕೆ ಸರಿದ. ಯಾರೂ ಅವರಿಗೆ ಕೂರಲು ಹೇಳಲಿಲ್ಲ. ಉಳಿದ ಐದು ಹಾಳೆಗಳನ್ನು ಹನ್ನೊಂದು ಮನೆಗಳಿಗೆ ಹೇಗೆ ಹಂಚುವುದು ಎಂದು ಹೆಂಗಸರು ಆಗಲೇ ಜಗಳ ಶುರುಮಾಡಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಂಗಲಿ ಬಂತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಕೋಲಾರಕ್ಕೆ ನಾನು ಹೋಗ್ಲೇ ಇಲ್ಲ ಕಣಮ್ಮಾ. ಮಧ್ಯಾಹ್ನದ ಗಂಟ ಮುಳಬಾಗಿಲು ಬಸ್ ಸ್ಟಾಂಡಿನಾಗೇ ಕೂತಿದ್ದೆ. ಮೂರು ಬಸ್ಸು ಹೋದ್ವು. ನೀನು ಪೆಟ್ಟಿಗೆ ಹೊತ್ಕೊಂಡು ಪಲಮನೇರು ಬಸ್ಸು ಹತ್ತಿದ್ದೂ ನೋಡ್ದೆ."

ಸುದ್ದಿ ಎರಡೂ ಕಡೆಯ ಕಚೇರಿಗಳನ್ನು ಮುಟ್ಟಲು ವಾರ ಹಿಡಿಯಲಿಲ್ಲ. ಮೂರು ತಿಂಗಳು ಸಂಘದಿಂದ ಒಂದು ಹಾಳೆಯೂ ಹೊರಗೆ ಹೋಗಬಾರದೆಂದು ಆಜ್ಞೆ ಬಂತು. ಹಜೀರಾಳಿಗೆ ಮೆಮೊ ಬಂತು. ಟೈಪು ಮಾಡಿದ ಆ ಕಾಗದವನ್ನು ಅವಳು ಮನೆಯಲ್ಲಿ ತೋರಿಸಲಿಲ್ಲ, ಆದರೂ ಜಾನ್ ಪಾಷಾನಿಗೆ ಚಹದಂಗಡಿಯಲ್ಲೇ ತಿಳಿಯಿತು. "ನಕ್ಕೊ ಗೆ, ಬೇಡ, ಬಿಟ್ಬಿಡು ಆ ಕೆಲಸ," ಎಂದ. ಅವಳು ದಿನಾ ಹೋಗಿ ಖಾಲಿ ಕೋಣೆಯ ಬೀಗ ತೆಗೆದು, ಗಾಜುಗಳನ್ನು ತೊಳೆದಿಟ್ಟು ಬರುತ್ತಿದ್ದಳು. ರಸ್ತೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದೆ ನಡೆದುಬಿಡುತ್ತಿದ್ದಳು.

ಯರ್ರಗುಟ್ಟಪಲ್ಲಿಯ ಐದು ಹಾಳೆಗಳ ಹುಳುಗಳು ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಿದವು. ನಾಟಿ ಗೂಡಿಗಿಂತ ದಪ್ಪ, ಗಟ್ಟಿ ಗೂಡುಗಳು. ಕಡಲೆಕಾಯಿ ಕಿತ್ತವರಲ್ಲಿ ಇಬ್ಬರು ಮಾತ್ರ ಸೊಪ್ಪು ಅಗೆದು ಹಾಕಿ ಮತ್ತೆ ಕಡಲೆಕಾಯಿಗೆ ಮರಳಿದರು. ಉಳಿದವರು ಕಾದರು. ಭಾದ್ರಪದದಲ್ಲಿ ಅಲ್ಲಿಂದ ಎರಡೂ ಕಚೇರಿಗಳಿಗೆ ಒಂಬತ್ತು ಹೆಬ್ಬೆಟ್ಟಿನ ಅರ್ಜಿ ಹೋಯಿತು. ಮೊಟ್ಟೆ ನಮಗೆ ಬೇಕು. ಆದರೆ ನಮ್ಮವರೊಬ್ಬರು ಪಕ್ಕದಲ್ಲಿ ಕೂತು ನೋಡದೆ ಒಂದು ಹಾಳೆಯೂ ಗಡಿ ದಾಟಬಾರದು. ಹಾಗೆ ಮಾಡಲು ನಿಯಮವಿದೆಯೇ ಎಂದು ಒಂದು ಕಚೇರಿ ಇನ್ನೊಂದನ್ನು ಕೇಳಿತು. ಮಾಡಬಾರದೆಂಬ ನಿಯಮ ಯಾರಿಗೂ ಸಿಗಲಿಲ್ಲ.

ಕಾರ್ತೀಕದ ಒಂದು ಬೆಳಿಗ್ಗೆ ಮುತ್ಯಾಲಮ್ಮ ಬುತ್ತಿ ಕಟ್ಟಿಕೊಂಡು ಮುಳಬಾಗಿಲಿಗೆ ಬಂದಳು. ಹಜೀರಾ ಬಾಗಿಲಲ್ಲಿ ಅವಳನ್ನು ಕಂಡು ಇನ್ನೊಂದು ಕುರ್ಚಿ ಎಳೆದಿಟ್ಟಳು. ಮುತ್ಯಾಲಮ್ಮ ನಗಲಿಲ್ಲ. ಕುರ್ಚಿ ಬೇಡವೆಂದು ಸ್ಟೂಲು ಕೇಳಿ ಕೂತಳು. ಒಬ್ಬಳು ನೋಡಿ ಗಾಜು ಸರಿಸುವುದು, ಇನ್ನೊಬ್ಬಳು ನೋಡುವುದು. ಇಬ್ಬರೂ ಹೇಳಿದ್ದು ಒಂದೇ ಆದರೆ ಮಾತ್ರ ಬರೆಯುವುದು. ಪ್ರತಿ ಗಾಜಿಗೂ ಕಣ್ಣಿಡುವ ಮೊದಲು ಹಜೀರಾಳ ಬೆರಳುಗಳು ಈ ಹೊತ್ತಿಗೂ ತಣ್ಣಗಾಗುತ್ತಿದ್ದವು.

ಮಧ್ಯಾಹ್ನ ದಾಟಿ ಬಿಸಿಲು ಗಿರಣಿಯ ಆಚೆಗೆ ವಾಲಿತು. ಕೋಣೆ ಮಸುಕಾಗಿ ಕನ್ನಡಿಯಲ್ಲಿ ಬೆಳಕು ನಿಲ್ಲದಾಯಿತು. ಇನ್ನೂ ಅರವತ್ತು ಉಳಿದಿದ್ದವು. ಕೋದಂಡರಾಮಪ್ಪ ಬಾಗಿಲ ತನಕ ಬಂದು, ಒಳಗೆ ನೋಡಿ, ಏನೂ ಕೇಳದೆ ಹೋದರು.

"ಬೈಟ ಎಂಡ ಉಂದಿ," ಎಂದಳು ಮುತ್ಯಾಲಮ್ಮ. ಹೊರಗೆ ಬಿಸಿಲಿದೆ.

ಇಬ್ಬರೂ ಎದ್ದು ಮೇಜಿನ ಎರಡು ತುದಿ ಹಿಡಿದರು. ಮೇಲೆ ಸೂಕ್ಷ್ಮದರ್ಶಕ, ಹನಿಯಿಟ್ಟ ಗಾಜುಗಳು. ಹಜೀರಾ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಮುತ್ಯಾಲಮ್ಮ "ಮೆಟ್ಟಿಲು, ಮೆಟ್ಟಿಲು" ಎನ್ನುತ್ತ, ಒಂದು ಹನಿಯೂ ಚೆಲ್ಲದ ಹಾಗೆ ಮೇಜನ್ನು ಅಂಗಳಕ್ಕೆ ಇಳಿಸತೊಡಗಿದರು.